ಚಿನ್ನದ ಬಣ್ಣದ ಬಿಟ್, ಮಾಮಾನ ಎಣ್ಣೆ ಡಬ್ಬ

ಇವತ್ತು ನನ್ನದೇ ಒಂದು ತಪ್ಪಿನ ಕಥೆ. ನಾನು ಓದಿದ್ದು ಬಿ.ಕಾಂ. ಲೋಹಕ್ಕೂ ನನಗೂ ಇದ್ದ ಸಂಬಂಧ ಅಂದ್ರೆ ಬೈಕ್ ಕೀ, ಅಷ್ಟೇ.

ನಮ್ಮ ಮನೆ ದೇವಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರೋ ಕಡೆ. ನನ್ನ ಸೋದರಮಾವ, ನಾವು ಮಾಮಾ ಅಂತೀವಿ, ಬೋಟ್ ರಿಪೇರಿ ಮಾಡ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್‌ಗಳು ಕಡಲಿಗೆ ಇಳಿಯೋ ಹಾಗಿಲ್ಲ. ಆ ಎರಡು ತಿಂಗಳೇ ಮಾಮಾನ ಸೀಸನ್. ಕಳೆದ ಜುಲೈನಲ್ಲಿ ನಾನು ಆನ್‌ಲೈನ್‌ನಲ್ಲಿ ಚಿನ್ನದ ಬಣ್ಣದ ಡ್ರಿಲ್ ಬಿಟ್ ಸೆಟ್ ತರಿಸಿ ಕೊಟ್ಟೆ. 'ಮಾಮಾ, ಇದಕ್ಕೆ ಎಣ್ಣೆನೇ ಬೇಡ' ಅಂತ ದೊಡ್ಡದಾಗಿ ಬೇರೆ ಹೇಳಿದೆ. ಜುಲೈ 31ರ ಸಂಜೆ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟಿಗೆ ತೂತು ಕೊರೀತಾ ಇದ್ರು. ಮೂರನೇ ತೂತಿಗೆ ಬಿಟ್ ಕಿರುಚ್ತು, ತುದಿ ನೀಲಿ ಆಯ್ತು, ಸತ್ತೇ ಹೋಯ್ತು. ಬೋಟ್ ಒಂದು ದಿನ ತಡ ಆಯ್ತು. ಸೀಸನ್ನಿನ ಮೊದಲ ದಿನದ ಮೀನು ಅಂದ್ರೆ ಏನು ಅಂತ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಆ ಚಿನ್ನದ ಬಣ್ಣ ಟೈಟಾನಿಯಂ ನೈಟ್ರೈಡ್. ಟೈಟಾನಿಯಂ ಮತ್ತು ನೈಟ್ರೋಜನ್ ಸೇರಿ ಆಗೋ ಒಂದು ಗಟ್ಟಿ ಪದರ, ಉಕ್ಕಿಗಿಂತ ಎರಡು ಮೂರು ಪಟ್ಟು ಗಟ್ಟಿ. ದಪ್ಪ ಮಾತ್ರ 2ರಿಂದ 4 ಮೈಕ್ರಾನ್. ನಿಮ್ಮ ತಲೆಕೂದಲು ಇದರ ಇಪ್ಪತ್ತು ಪಟ್ಟು ದಪ್ಪ ಇರಬಹುದು. ನಿರ್ವಾತದ ಕೋಣೆಯಲ್ಲಿ ಸುಮಾರು 450 ಡಿಗ್ರಿಯಲ್ಲಿ ಇದನ್ನ ಕೂರಿಸ್ತಾರೆ. ಒಳಗಿನ ಉಕ್ಕಿನ ಹದ ಕೆಡಬಾರದು ಅಂತಲೇ ಅಷ್ಟು ಕಡಿಮೆ ಬಿಸಿ.

ನಾನು ಎಡವಿದ್ದು ಇಲ್ಲೇ. ಗಟ್ಟಿ ಅಂದ್ರೆ ನುಣುಪು ಅಂದ್ಕೊಂಡಿದ್ದೆ. ಎಣ್ಣೆ ಇಲ್ಲದೆ ಉಕ್ಕಿನ ಮೇಲೆ ಟೈಟಾನಿಯಂ ನೈಟ್ರೈಡ್ ಉಜ್ಜಿದ್ರೆ ಘರ್ಷಣೆ ಗುಣಾಂಕ ಸಾಮಾನ್ಯವಾಗಿ 0.5ಕ್ಕಿಂತ ಮೇಲೇ. ಅಂದ್ರೆ ಹತ್ತು ಕೆಜಿ ಭಾರ ಜಾರಿಸೋಕೆ ಐದು ಕೆಜಿಗಿಂತ ಹೆಚ್ಚಿನ ಬಲ ಬೇಕು. ಬರೀ ಉಕ್ಕಿನ ಮೇಲೆ ಉಕ್ಕು ಉಜ್ಜಿದ್ರೂ ಹೆಚ್ಚುಕಮ್ಮಿ ಇಷ್ಟೇ! ಈ ಪದರ ಸವೆತ ತಡೆಯುತ್ತೆ, ಲೋಹ ಅಂಟಿಕೊಳ್ಳೋದನ್ನ ಕಡಿಮೆ ಮಾಡುತ್ತೆ. ಆದ್ರೆ ಬಿಸಿ ಹುಟ್ಟೋದನ್ನ ತಡೆಯಲ್ಲ.

ಇನ್ನೂ ಒಂದು ಇದೆ. ದೇವಬಾಗದ ಮರಳಲ್ಲಿ ಚಪ್ಪಲಿ ಹಾಕ್ಕೊಂಡು ನಡೆದಿದ್ದೀರಾ? ಚಪ್ಪಲಿಗೂ ಕಾಲಿಗೂ ನಡುವೆ ಸೇರಿದ ನಾಲ್ಕು ಕಾಳು ಮರಳೇ ಗುಳ್ಳೆ ಎಬ್ಬಿಸುತ್ತೆ. ಇಲ್ಲೂ ಹಾಗೇ. ಪದರದಿಂದ ಕಿತ್ತ ಚೂರು, ಕಬ್ಬಿಣದ ಆಕ್ಸೈಡ್ ಪುಡಿ ಎರಡೂ ನಡುವೆ ಸಿಕ್ಕಿ ಮರಳುಕಾಗದದ ಹಾಗೆ ಉಜ್ಜುತ್ತವೆ. ಎಣ್ಣೆ ಇದ್ರೆ ಆ ಪುಡಿ ತೊಳೆದು ಹೋಗುತ್ತೆ, ಬಿಸಿಯೂ ಇಳಿಯುತ್ತೆ.

ಸ್ಟೇನ್‌ಲೆಸ್ ಸ್ಟೀಲ್ ಅಂತೂ ಹಠಮಾರಿ. ಬಿಸಿಯನ್ನ ಬೇಗ ಸಾಗಿಸಲ್ಲ, ಉಜ್ಜಿದಷ್ಟೂ ಗಟ್ಟಿ ಆಗುತ್ತೆ. ಬಿಸಿ 600 ಡಿಗ್ರಿ ದಾಟಿದ್ರೆ ಒಳಗಿನ ಹೈಸ್ಪೀಡ್ ಸ್ಟೀಲ್ ಮೆತ್ತಗಾಗುತ್ತೆ. ಆಮೇಲೆ ಮೇಲಿನ ಪದರ ಹಾಸಿಗೆ ಮೇಲೆ ಇಟ್ಟ ಹಪ್ಪಳ. ಒತ್ತಿದ್ರೆ ಪುಡಿ.

ಹಾಗಾದ್ರೆ ಎಣ್ಣೆ ಇಲ್ಲದೆ ಕೊರೆಯೋದು ಸುಳ್ಳಾ? ಅಲ್ಲ. ಅಲ್ಯೂಮಿನಿಯಂ ಸೇರಿಸಿದ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಬಿಸಿಯಾದಾಗ ತನ್ನ ಮೈಮೇಲೆ ಅಲ್ಯೂಮಿನಾ ಹೊದಿಕೆ ಬೆಳೆಸಿಕೊಳ್ಳುತ್ತೆ, ಸುಮಾರು 800 ಡಿಗ್ರಿವರೆಗೆ ತಡೆಯುತ್ತೆ. ದೊಡ್ಡ ಕಾರ್ಖಾನೆಗಳಲ್ಲಿ ಕೂಲಂಟ್ ಖರ್ಚು ಉಳಿಸೋಕೆ ಇಂಥದ್ದನ್ನ ಕಾರ್ಬೈಡ್ ಬಿಟ್ ಮೇಲೆ ಹಾಕಿ ಒಣಗಿಯೇ ಕೊರೀತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅದೇ ಎನ್‌ಎಎಲ್, ಇಂಥ ನೈಟ್ರೈಡ್ ಪದರಗಳ ಮೇಲೆ ಕೆಲಸ ಮಾಡಿದೆ. ಆದ್ರೆ ಅಲ್ಲಿ ಗಟ್ಟಿ ಮಷೀನು, ಅಳೆದು ಇಟ್ಟ ವೇಗ. ಮಾಮಾನ ಹತ್ರ ಕೈ ಡ್ರಿಲ್ಲು.

ಲೆಕ್ಕದ ಹುಡುಗ ಅಲ್ವಾ, ಒಂದು ಲೆಕ್ಕ ಹೇಳಿಬಿಡ್ತೀನಿ. ಬಿಟ್ ತುದಿ ಮತ್ತೆ ಮಸೆದ್ರೆ ಅಲ್ಲಿನ ಚಿನ್ನದ ಪದರ ಹೋಗುತ್ತೆ, ಚಕ್ಕೆ ಜಾರೋ ಗಾಡಿಯಲ್ಲಿ ಮಾತ್ರ ಉಳಿಯುತ್ತೆ. ಸ್ವಲ್ಪ ಲಾಭ ಇದೆ, ಪೂರ್ತಿ ಇಲ್ಲ. ಅಗ್ಗದ ಬಿಟ್‌ಗಳಲ್ಲಿ ಕೆಲವಕ್ಕೆ ನೈಟ್ರೈಡೇ ಇರಲ್ಲ, ಬರೀ ಕಾಯಿಸಿ ಬರಿಸಿದ ಬಣ್ಣ. ನಾನು ಕೊಂಡಿದ್ದು ಯಾವುದು ಅಂತ ಡಬ್ಬಿ ನೋಡಿದ್ರೆ ಗೊತ್ತಾಗಲ್ಲ.

ಮಾಮಾ ಬೈಯಲಿಲ್ಲ. ಮಾರನೇ ಬೆಳಿಗ್ಗೆ ಹಳೇ ಬಿಟ್ ಮಸೆದು, ಡ್ರಿಲ್ ನಿಧಾನ ಮಾಡಿ, ಒತ್ತಿ ಹಿಡಿದ್ರು. 'ಏ, ಆ ಡಬ್ಬ ಇಲ್ಲಿ ಕೊಡು' ಅಂದ್ರು. ನಾನು ಹನಿ ಹನಿ ಎಣ್ಣೆ ಬಿಡ್ತಾ ನಿಂತೆ. ಉಳಿದ ತೂತುಗಳೆಲ್ಲ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದ್ವು.