ಆಪಾದಿತನ ಪಕ್ಕದಲ್ಲಿ ನಿಲ್ಲುವ ವಕೀಲ

ನಾವು ಇಂದು ವಿಚಾರಮಾಡಬೇಕೆಂದಿರುವ ವಿಷಯವು ಕೇಳುವುದಕ್ಕೆ ಅಷ್ಟು ಹಿತವಾದುದಲ್ಲ. ರಸ್ತೆಯಲ್ಲಿ ಒಂದು ಮೋಟಾರು ವಾಹನವು ಒಬ್ಬ ಮನುಷ್ಯನ ಪ್ರಾಣವನ್ನು ತೆಗೆದಿದೆ. ಆತನ ಹೆಂಡತಿ ಮಕ್ಕಳು ನ್ಯಾಯಸ್ಥಾನದ ಜಗಲಿಯಲ್ಲಿ ಕುಳಿತಿದ್ದಾರೆ. ವಾಹನವನ್ನು ನಡೆಸಿದವನು ಕಟಕಟೆಯಲ್ಲಿ ನಿಂತಿದ್ದಾನೆ. ಕಪ್ಪು ನಿಲುವಂಗಿಯನ್ನು ತೊಟ್ಟ ಒಬ್ಬ ವಕೀಲನು ಅವನ ಪರವಾಗಿ ಎದ್ದು ಮಾತನಾಡುತ್ತಾನೆ. ಇದನ್ನು ನೋಡಿದ ಸಾಮಾನ್ಯ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸತ್ತವನು ಸತ್ತುದು ನಿಜ, ಕೊಂದ ವಾಹನವು ಕಣ್ಣೆದುರಿಗೇ ಇದೆ, ಇನ್ನು ವಾದಿಸುವುದಕ್ಕೆ ಉಳಿದಿರುವುದೇನು? ಕೊಂದವನ ಪರವಾಗಿ ನಾಲಗೆಯನ್ನು ಬಾಡಿಗೆಗೆ ಕೊಡುವುದು ಸಜ್ಜನರಿಗೆ ಒಪ್ಪುವ ಕೆಲಸವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅದರ ಹಿಂದೆ ನಿಜವಾದ ದುಃಖವಿದೆ. 2022ನೆಯ ಇಸವಿಯೊಂದರಲ್ಲೇ ಭರತಖಂಡದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಸರ್ಕಾರದ ಲೆಕ್ಕವು ಹೇಳುತ್ತದೆ. ಇಷ್ಟು ಮನೆಗಳಲ್ಲಿ ದೀಪ ಆರಿದ ಮೇಲೆ ಜನರಿಗೆ ಕೋಪ ಬರದಿದ್ದರೆ ಅದೇ ಆಶ್ಚರ್ಯ. ಆದಕಾರಣ ಆ ಕೋಪಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿಯೇ ನಾವು ಮುಂದಕ್ಕೆ ಹೋಗೋಣ.

ಮಾತು ಬರಿಯ ಗಾಳಿಯಲ್ಲಿ ನಿಲ್ಲದಿರಲೆಂದು ಒಂದು ಪ್ರದೇಶವನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಕಾರವಾರಕ್ಕೂ ಅಂಕೋಲೆಗೂ ನಡುವೆ ಇರುವ ದೂರ ಸುಮಾರು 35 ಕಿಲೋಮೀಟರು. ಪಡುವಲಲ್ಲಿ ಸಮುದ್ರ, ಮೂಡಲಲ್ಲಿ ಸಹ್ಯಾದ್ರಿಯ ಗುಡ್ಡಗಳು; ಇವೆರಡರ ಸಂದಿನಲ್ಲಿ ಬಿಣಗಾ, ಅಮದಳ್ಳಿ, ಅವರ್ಸಾ ಮೊದಲಾದ ಊರುಗಳನ್ನು ಹಾಯ್ದು ಹೆದ್ದಾರಿಯು ಸಾಗುತ್ತದೆ. ಅಂಕೋಲೆಯಿಂದ ಇನ್ನೊಂದು ಹೆದ್ದಾರಿಯು ಯಲ್ಲಾಪುರದ ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋಗುತ್ತದೆ. ಬಯಲುಸೀಮೆಯ ಸರಕೆಲ್ಲ ಕಡಲಿಗೆ ಇಳಿಯುವುದೂ ಕಡಲಿನ ಸರಕೆಲ್ಲ ಮೇಲಕ್ಕೆ ಏರುವುದೂ ಈ ದಾರಿಯಲ್ಲಿಯೇ. 2010ರಲ್ಲಿ ರಾಜ್ಯಸರ್ಕಾರವು ಕಬ್ಬಿಣದ ಅದಿರಿನ ರಫ್ತನ್ನು ತಡೆಯುವವರೆಗೆ ಬೇಲೆಕೇರಿ ಬಂದರಿಗೆ ಅದಿರನ್ನು ಹೊತ್ತ ಲಾರಿಗಳ ಸಾಲು ಇಲ್ಲಿ ಹರಿಯುತ್ತಿತ್ತು. ಮುಂಗಾರಿನ ನಾಲ್ಕು ತಿಂಗಳು ಈ ರಸ್ತೆಯ ಮೇಲೆ ಸುರಿಯುವ ಮಳೆಯನ್ನು ಮೈಸೂರು ಬೆಂಗಳೂರುಗಳ ನಿವಾಸಿಗಳು ಊಹಿಸುವುದೂ ಕಷ್ಟ.

ಈ ದಾರಿಯು ಕಂಡ ಸಾವುಗಳಿಗೆ ದೊಡ್ಡವರು ಸಣ್ಣವರೆಂಬ ಭೇದವಿಲ್ಲ. 2021ನೆಯ ಜನವರಿ 11ರಂದು ಅಂಕೋಲೆ ತಾಲ್ಲೂಕಿನಲ್ಲಿ ಆಗಿನ ಕೇಂದ್ರಮಂತ್ರಿ ಶ್ರೀಪಾದ ನಾಯಕರ ಕಾರು ಅಪಘಾತಕ್ಕೀಡಾಯಿತು. ಮಂತ್ರಿಗಳು ಗಾಯಗೊಂಡು ಬದುಕಿದರು, ಅವರ ಪತ್ನಿಯೂ ಆಪ್ತಸಹಾಯಕರೂ ತೀರಿಕೊಂಡರು. 2025ನೆಯ ಜನವರಿ 22ರ ಬೆಳಗಿನ ಜಾವ ಯಲ್ಲಾಪುರದ ಘಟ್ಟದಲ್ಲಿ ಲಾರಿಯೊಂದು ಉರುಳಿ, ಸವಣೂರಿನಿಂದ ಸಂತೆಗೆ ತರಕಾರಿ ಕೊಂಡೊಯ್ಯುತ್ತಿದ್ದ ಹತ್ತು ಮಂದಿ ಬಡ ವ್ಯಾಪಾರಿಗಳು ಅಸುನೀಗಿದರು. ವಾಹನ ನಡೆಸುವವನೂ ಈ ದಾರಿಯ ಬಲಿಯೇ. 2024ನೆಯ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯಲ್ಲಿ ಮುಳುಗಿದ ಲಾರಿಯು ತನ್ನ ಚಾಲಕನ ದೇಹದೊಡನೆ ಮೇಲಕ್ಕೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಅದೇ ವರ್ಷದ ಆಗಸ್ಟ್ 7ರ ರಾತ್ರಿ ಕಾರವಾರದಲ್ಲಿ ಕಾಳಿನದಿಯ ಹಳೆಯ ಸೇತುವೆಯೇ ಕುಸಿದು ಬಿದ್ದು, ಲಾರಿಯೊಂದು ನೀರಿಗೆ ಉರುಳಿತು. ಅದರ ಚಾಲಕನನ್ನು ಜೀವಸಹಿತ ಮೇಲಕ್ಕೆತ್ತಿದರು. ಒಂದು ಸಾವಿಗೆ ಮನುಷ್ಯನ ತಪ್ಪು ಕಾರಣವೋ, ದಾರಿ ಕಾರಣವೋ, ಯಂತ್ರ ಕಾರಣವೋ, ಗುಡ್ಡ ಕಾರಣವೋ ಎಂಬುದನ್ನು ಮೊದಲ ನೋಟದಲ್ಲಿಯೇ ನಿಶ್ಚಯಿಸಲಾಗದೆಂಬುದಕ್ಕೆ ಇಷ್ಟು ನಿದರ್ಶನಗಳು ಸಾಕು.

ಇನ್ನು ಶಾಸನವನ್ನು ನೋಡೋಣ. 1860ರ ಭಾರತೀಯ ದಂಡಸಂಹಿತೆಯಲ್ಲಿ ಮೊದಲು ಇಂಥ ಸಾವಿಗೆಂದು ಪ್ರತ್ಯೇಕವಾದ ಕಲಮು ಇರಲಿಲ್ಲ. 1870ರಲ್ಲಿ 304-ಎ ಎಂಬ ಕಲಮನ್ನು ಸೇರಿಸಿದರು. ದುಡುಕಿನಿಂದಾಗಲಿ ಅಲಕ್ಷ್ಯದಿಂದಾಗಲಿ ಒಬ್ಬನ ಮರಣಕ್ಕೆ ಕಾರಣನಾದವನಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಅಥವಾ ದಂಡ, ಅಥವಾ ಎರಡೂ. ಆಗ ಈ ದೇಶದಲ್ಲಿ ಮೋಟಾರು ಇರಲಿಲ್ಲ; ಎತ್ತಿನ ಗಾಡಿಯ ಕಾಲದ ಕಲಮು ಲಾರಿಯ ಕಾಲದವರೆಗೂ ನಡೆದುಬಂದಿತು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 106ನೆಯ ಕಲಮು ಸೆರೆಯ ಅವಧಿಯನ್ನು ಐದು ವರ್ಷಗಳವರೆಗೆ ಏರಿಸಿದೆ. ಅದಕ್ಕೆ ಮುಂಚೆ ನಡೆದ ಅಪಘಾತಗಳಿಗೆ ಹಳೆಯ ಕಲಮೇ ಅನ್ವಯಿಸುತ್ತದೆ.

ಈ ಎರಡು ಕಲಮುಗಳಲ್ಲಿಯೂ ಗಮನಿಸತಕ್ಕ ಸಂಗತಿಯೊಂದುಂಟು. ಶಾಸನವು ಸಾವನ್ನು ಮಾತ್ರ ಶಿಕ್ಷಿಸುವುದಿಲ್ಲ. ದುಡುಕನ್ನೋ ಅಲಕ್ಷ್ಯವನ್ನೋ ಶಿಕ್ಷಿಸುತ್ತದೆ. ಇವೆರಡರ ಭೇದವನ್ನು ಅಲಹಾಬಾದಿನ ಹೈಕೋರ್ಟು 1881ರಷ್ಟು ಹಿಂದೆಯೇ ವಿವರಿಸಿದೆ. ಅಪಾಯವುಂಟೆಂದು ತಿಳಿದೂ, ಏನೂ ಆಗಲಾರದೆಂಬ ಭರವಸೆಯಿಂದ ಮುನ್ನುಗ್ಗುವುದು ದುಡುಕು. ವಿವೇಕಿಯು ವಹಿಸತಕ್ಕ ಎಚ್ಚರವನ್ನು ವಹಿಸದೆ ಇರುವುದು ಅಲಕ್ಷ್ಯ. ಇವೆರಡೂ ಇಲ್ಲದಿದ್ದಲ್ಲಿ ಸಾವು ಎಷ್ಟೇ ದಾರುಣವಾಗಿರಲಿ, ಅಪರಾಧವಿಲ್ಲ. ‘ಸತ್ತುದು ನಿಜವಲ್ಲವೇ’ ಎಂಬ ಪ್ರಶ್ನೆಗೆ ವಕೀಲನ ಉತ್ತರವು ಇಷ್ಟೇ: ಸತ್ತುದನ್ನು ನಾನು ಅಲ್ಲಗಳೆಯುತ್ತಿಲ್ಲ, ಹೇಗೆ ಸತ್ತುದೆಂದು ಕೇಳುತ್ತಿದ್ದೇನೆ.

ಹಾಗೆ ಕೇಳುವುದರಲ್ಲಿ ಎಷ್ಟು ಶ್ರಮವಿದೆಯೆಂಬುದನ್ನು ಹೊರಗಿನವರು ಬಲ್ಲುದು ಕಡಮೆ. ಅಂಕೋಲೆಯ ಮ್ಯಾಜಿಸ್ಟ್ರೇಟರ ಮುಂದೆ ಇಂಥದೊಂದು ಮೊಕದ್ದಮೆ ಬಂದಿದೆಯೆಂದು ಭಾವಿಸೋಣ. ಬಲ್ಲವನಾದ ವಕೀಲನು ಮೊದಲು ಪುಸ್ತಕವನ್ನು ತೆರೆಯುವುದಿಲ್ಲ. ಅಪಘಾತದ ಜಾಗಕ್ಕೆ ಹೋಗುತ್ತಾನೆ. ಪಂಚನಾಮೆಯ ನಕಾಶೆಯಲ್ಲಿ ತೋರಿಸಿದ ತಿರುವು ನೆಲದ ಮೇಲೆ ಹಾಗೆಯೇ ಇದೆಯೇ? ರಸ್ತೆಯ ಅಗಲವೆಷ್ಟು, ಚಕ್ರಗಳು ಉಜ್ಜಿದ ಗುರುತು ಎಲ್ಲಿಂದ ಎಲ್ಲಿಯವರೆಗೆ? ಸಾಕ್ಷಿಯು ನಿಂತಿದ್ದೆನೆಂದು ಹೇಳುವ ಅಂಗಡಿಯ ಕಟ್ಟೆಯಿಂದ ಆ ತಿರುವು ಕಾಣುವುದೇ? ಹೊತ್ತು ಯಾವುದು, ದೀಪವಿತ್ತೇ, ಮಳೆಯಿತ್ತೇ? ಮೋಟಾರು ಇನ್‌ಸ್ಪೆಕ್ಟರರು ವಾಹನವನ್ನು ಪರೀಕ್ಷಿಸಿದಾಗ ಬ್ರೇಕು ಯಾವ ಸ್ಥಿತಿಯಲ್ಲಿತ್ತು? ಮರಣೋತ್ತರ ಪರೀಕ್ಷೆಯ ವರದಿಯು ತೋರಿಸುವ ಗಾಯಗಳು ಫಿರ್ಯಾದಿಯು ಹೇಳುವ ರೀತಿಗೆ ಹೊಂದುತ್ತವೆಯೇ? ಕಡೆಯದಾಗಿ, ಚಕ್ರದ ಹಿಂದೆ ಕುಳಿತಿದ್ದವನು ಈತನೇ ಎಂಬುದನ್ನು ಕಂಡವರು ಯಾರು?

ಇವುಗಳಲ್ಲೆಲ್ಲ ಅತಿ ಮುಖ್ಯವಾದುದು ವೇಗದ ಪ್ರಶ್ನೆ. ಸಾಕ್ಷಿಗಳು ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತಾರೆ: ‘ಬಹಳ ಜೋರಾಗಿ ಬಂದ’. ಜೋರೆಂದರೆ ಎಷ್ಟು? ಎತ್ತಿನ ಗಾಡಿಯಲ್ಲಿ ಕುಳಿತವನಿಗೆ ಜೋರಾಗಿ ಕಂಡದ್ದು ಬಸ್ಸಿನಲ್ಲಿ ಕುಳಿತವನಿಗೆ ನಿಧಾನವಾಗಿ ಕಾಣಬಹುದು. ಸಪ್ಪಳವನ್ನು ಕೇಳಿ ತಿರುಗಿ ನೋಡಿದವನು ಕಂಡದ್ದು ಅಪಘಾತವಾದ ಮೇಲಿನ ದೃಶ್ಯವನ್ನೇ ಹೊರತು ಅದರ ಮುಂಚಿನದನ್ನಲ್ಲ. ಆತನು ಸುಳ್ಳು ಹೇಳುತ್ತಿರುವನೆಂದಲ್ಲ. ಕಣ್ಣು ಕಾಣದಿದ್ದುದನ್ನು ಮನಸ್ಸು ತುಂಬಿಕೊಟ್ಟಿದೆ. ಪಾಟೀಸವಾಲು ಇರುವುದು ಕಣ್ಣಿನ ಸಾಕ್ಷ್ಯವನ್ನೂ ಮನಸ್ಸಿನ ಸಾಕ್ಷ್ಯವನ್ನೂ ಬೇರ್ಪಡಿಸುವುದಕ್ಕಾಗಿ.

ಇದು ವಕೀಲರ ಜಾಣತನವಷ್ಟೇ ಎಂದು ಯಾರಾದರೂ ಸಂದೇಹಪಟ್ಟರೆ, ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಮೊಕದ್ದಮೆಯು ಅದಕ್ಕೆ ಉತ್ತರ ಕೊಡುತ್ತದೆ. 1982ನೆಯ ನವೆಂಬರ್ 25ರ ಬೆಳಿಗ್ಗೆ ಒಂದು ಲಾರಿಯು ಹಳ್ಳವನ್ನು ದಾಟುವಾಗ ಮಗುಚಿಬಿದ್ದು ಹದಿನೈದು ಮಂದಿ ಸತ್ತರು. ಸುಮಾರು ಹದಿನೆಂಟು ಮಂದಿ ಗಾಯಗೊಂಡರು. ಕೆಳಗಿನ ನ್ಯಾಯಸ್ಥಾನಗಳು ಚಾಲಕನನ್ನು ಅಪರಾಧಿಯೆಂದು ತೀರ್ಮಾನಿಸಿದುವು. ಹೈಕೋರ್ಟು ಬಿಡುಗಡೆ ಮಾಡಿತು. ಸರ್ಕಾರವು ಮೇಲ್ಮನವಿ ಸಲ್ಲಿಸಿತು. 1998ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಲಾರಿಯು ಅತಿವೇಗದಲ್ಲಿತ್ತೆಂದು ಸಾಕ್ಷಿಗಳು ಹೇಳಿದ್ದರು. ಅತಿವೇಗವೆಂದರೆ ಎಷ್ಟೆಂಬುದನ್ನು ಒಬ್ಬರೂ ಅಂದಾಜಾಗಿಯಾದರೂ ಹೇಳಿರಲಿಲ್ಲ. ಲಾರಿಯು ಮಗುಚುವ ಮುನ್ನ ಒಂದು ದೊಡ್ಡ ಕುಲುಕಾಟವಾಯಿತೆಂಬ ಸಾಕ್ಷ್ಯವಿತ್ತು. ಅದು ಹದಗೆಟ್ಟ ರಸ್ತೆಯಿಂದಲೋ ಯಂತ್ರದ ದೋಷದಿಂದಲೋ ಎಂಬುದನ್ನು ಯಾರೂ ವಿವರಿಸಿರಲಿಲ್ಲ. ವಾಹನವನ್ನು ಪರೀಕ್ಷಿಸಿದ ಇನ್‌ಸ್ಪೆಕ್ಟರರ ವರದಿಯು ಕಡತದಲ್ಲಿ ಇರಲಿಲ್ಲ. ಅವರನ್ನು ಸಾಕ್ಷಿಯಾಗಿ ಕರೆಸಿಯೂ ಇರಲಿಲ್ಲ. ವೇಗ ಮಾತ್ರದಿಂದಲೇ ದುಡುಕಾಗಲಿ ಅಲಕ್ಷ್ಯವಾಗಲಿ ಸಿದ್ಧವಾಗದು, ಎಲ್ಲವನ್ನೂ ಸ್ಥಾಪಿಸುವ ಹೊಣೆ ಫಿರ್ಯಾದಿ ಪಕ್ಷದ್ದೇ ಎಂದು ಆ ಉನ್ನತ ನ್ಯಾಯಸ್ಥಾನವು ಹೇಳಿತು.

ಹದಿನೈದು ಮಂದಿ ಸತ್ತ ಮೇಲೂ ಯಾರಿಗೂ ಶಿಕ್ಷೆಯಿಲ್ಲವೇ ಎಂದು ಮನಸ್ಸು ಮರುಗುತ್ತದೆ. ಮರುಗತಕ್ಕದ್ದೇ ಸರಿ. ಆದರೆ ಆ ಮರುಕವು ಯಾರ ಕಡೆಗೆ ತಿರುಗಬೇಕು? ಇನ್‌ಸ್ಪೆಕ್ಟರರನ್ನು ಕರೆಸದೆ ಇದ್ದವನು ಆಪಾದಿತನ ವಕೀಲನಲ್ಲ. ವಕೀಲನು ಆ ಕೊರತೆಯನ್ನು ತೋರಿಸದೆ ಸುಮ್ಮನಿದ್ದಿದ್ದರೆ, ಒಬ್ಬ ಚಾಲಕನು ಸೆರೆಮನೆಗೆ ಹೋಗುತ್ತಿದ್ದನು. ಕುಲುಕಾಟದ ಕಾರಣವು ಎಂದಿಗೂ ಪ್ರಶ್ನೆಯಾಗಿಯೇ ಏಳುತ್ತಿರಲಿಲ್ಲ. ರಸ್ತೆ ಹದಗೆಟ್ಟಿದ್ದರೆ ಅದು ಹಾಗೆಯೇ ಉಳಿದು ಮತ್ತೊಂದು ಲಾರಿಯನ್ನು ಕಾಯುತ್ತಿತ್ತು.

ಇಲ್ಲಿ ಅಂಕೋಲೆಯ ಇನ್ನೊಂದು ನೆನಪು ಬರುತ್ತದೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಆ ಊರು ಕರ್ನಾಟಕಕ್ಕೇ ಮುಂದಾಳಾಗಿ ನಿಂತಿತು. ಗಾಂಧೀಜಿಯವರ ಅನುಯಾಯಿಗಳು ಸಾಮಾನ್ಯವಾಗಿ ನ್ಯಾಯಸ್ಥಾನದಲ್ಲಿ ಪ್ರತಿವಾದವನ್ನೇ ಹೂಡುತ್ತಿರಲಿಲ್ಲ. ಅದು ವೀರರಿಗೆ ಒಪ್ಪುವ ಮೌನ. ಅಂಥ ಮೌನವನ್ನೇ ವಾಹನದ ಚಾಲಕನಿಂದಲೂ ನಿರೀಕ್ಷಿಸುವವರುಂಟು: ‘ಮಾಡಿದ್ದನ್ನು ಒಪ್ಪಿಕೊಂಡು ಶಿಕ್ಷೆ ಅನುಭವಿಸಲಿ’. ಆದರೆ ಸತ್ಯಾಗ್ರಹಿಯು ತಾನು ಸಂಕಲ್ಪಿಸಿ ಮಾಡಿದ್ದನ್ನು ಒಪ್ಪಿಕೊಳ್ಳುತ್ತಿದ್ದನು. ಚಾಲಕನಿಗೆ ಸಂಕಲ್ಪವೇ ಇರಲಿಲ್ಲ. ಆ ಒಂದು ಕ್ಷಣದಲ್ಲಿ ನಡೆದದ್ದೇನೆಂದು ಅನೇಕವೇಳೆ ಅವನಿಗೇ ಸ್ಪಷ್ಟವಾಗಿ ತಿಳಿದಿರುವುದಿಲ್ಲ. ಸತ್ಯಾಗ್ರಹಿಯ ಮೌನವು ಸತ್ಯವನ್ನು ಸಾರುತ್ತದೆ. ಚಾಲಕನ ಮೌನವು ಅದನ್ನು ಮುಚ್ಚಿಬಿಡಬಹುದು.

ಹೀಗೆಂದ ಮಾತ್ರಕ್ಕೆ ವಕೀಲನಿಗೆ ಎಲ್ಲವೂ ಸಲ್ಲುತ್ತದೆಂದು ಯಾರೂ ತಿಳಿಯಬಾರದು. ಸಾಕ್ಷಿಗೆ ಹಣ ಕೊಡಿಸುವುದು, ದಾಖಲೆಯನ್ನು ಮರೆಮಾಡುವುದು, ಧಣಿಯನ್ನು ಉಳಿಸುವುದಕ್ಕಾಗಿ ಬೇರೊಬ್ಬನನ್ನು ಚಾಲಕನೆಂದು ತಂದು ನಿಲ್ಲಿಸುವುದು, ಸತ್ತವನ ಶೀಲವನ್ನು ಕಾರಣವಿಲ್ಲದೆ ಹಳಿಯುವುದು, ಇವು ಪ್ರತಿವಾದವಲ್ಲ, ವೃತ್ತಿದ್ರೋಹ. ಕಕ್ಷಿಗಾರನು ಏಕಾಂತದಲ್ಲಿ ಹೇಳಿದ್ದನ್ನು ಹೊರಗೆಡಹಲು ವಕೀಲನಿಗೆ ಅಧಿಕಾರವಿಲ್ಲ. ಸುಳ್ಳೆಂದು ತಾನು ಬಲ್ಲದ್ದನ್ನು ನಿಜವೆಂದು ಸಾಧಿಸಲೂ ಅಧಿಕಾರವಿಲ್ಲ. ಈ ಎರಡು ದಡಗಳ ನಡುವೆ ಅವನು ದೋಣಿ ನಡೆಸಬೇಕು. ಕುಡಿದು ನಡೆಸಿದ್ದು ರಕ್ತಪರೀಕ್ಷೆಯಿಂದ ಸಿದ್ಧವಾಗಿದ್ದರೆ, ತಪ್ಪನ್ನು ಒಪ್ಪಿಕೊಳ್ಳುವ ದಾರಿಯನ್ನೂ ಅದರ ಫಲವನ್ನೂ ಕಕ್ಷಿಗಾರನಿಗೆ ನೇರವಾಗಿ ತಿಳಿಸುವುದೇ ಅವನ ಧರ್ಮ. ಕನಿಕರವು ಸುಲಭವಾಗಿ ದೊರೆಯುವುದೆಂಬ ಆಸೆಯನ್ನು ಹುಟ್ಟಿಸಬಾರದು. ವೃತ್ತಿಯಿಂದ ಚಾಲಕರಾದವರು ಇಂಥ ಅಪರಾಧದಲ್ಲಿ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯನ್ನು ನಿರೀಕ್ಷಿಸಬಾರದೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಎಚ್ಚರಿಸಿದೆ. ಈ ಅಪರಾಧಕ್ಕೆ ಶಿಕ್ಷೆ ಸಾಲದೆಂದು 2015ರಲ್ಲಿ ಶಾಸನಕರ್ತರ ಗಮನವನ್ನು ಸೆಳೆದಿದೆ.

ಆದರೂ ವಕೀಲನು ಇರಲೇಬೇಕು. ತನಗೆ ಬೇಕಾದ ವಕೀಲನಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಿಗೆ ಕೊಟ್ಟಿದೆ. ಬಡವನಿಗೆ ಸರ್ಕಾರದ ಖರ್ಚಿನಿಂದಲೇ ವಕೀಲನನ್ನು ಒದಗಿಸಬೇಕೆಂದು 1987ರ ಕಾನೂನು ಸೇವೆಗಳ ಶಾಸನವು ವ್ಯವಸ್ಥೆ ಮಾಡಿದೆ. ಊರು ಸಿಟ್ಟಿಗೆದ್ದಾಗ ‘ಇವನ ಪರವಾಗಿ ನಾವಾರೂ ನಿಲ್ಲುವುದಿಲ್ಲ’ ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದುಂಟು. ಅಂಥ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸಾರಿತು. ಅಂಕೋಲೆಯಂಥ ಸಣ್ಣ ಊರಿನಲ್ಲಿ ಈ ಧರ್ಮವನ್ನು ನಡೆಸುವುದು ಬೆಂಗಳೂರಿಗಿಂತ ಕಠಿನ. ಅಲ್ಲಿ ವಕೀಲನೂ ಸತ್ತವನ ಅಣ್ಣನೂ ಒಂದೇ ಮೀನುಪೇಟೆಗೆ ಹೋಗುತ್ತಾರೆ, ಒಂದೇ ಬಂಡಿಹಬ್ಬದಲ್ಲಿ ಎದುರಾಗುತ್ತಾರೆ. ಆ ನೋಟವನ್ನು ಎದುರಿಸಿ ಮಾರನೆಯ ದಿನ ಪುನಃ ಕೋರ್ಟಿಗೆ ನಡೆಯುವುದಕ್ಕೆ ಕಾಯಿದೆಯ ಜ್ಞಾನ ಮಾತ್ರ ಸಾಲದು.

ಸತ್ತವನ ಮನೆಯವರಿಗೆ ನಾವು ಏನು ಹೇಳಬೇಕು? ಒಂದು ಮಾತನ್ನು ಸಮಾಧಾನಕ್ಕಾಗಿ ಅಲ್ಲ, ನಿಜವಾದುದರಿಂದ ಹೇಳಬಹುದು. ಅವರಿಗೆ ಸಲ್ಲತಕ್ಕ ಪರಿಹಾರವು ಕ್ರಿಮಿನಲ್ ಮೊಕದ್ದಮೆಯ ಫಲವನ್ನು ಅವಲಂಬಿಸಿಲ್ಲ. ಅದಕ್ಕೆಂದೇ ಮೋಟಾರು ಅಪಘಾತ ನ್ಯಾಯಮಂಡಲಿಯು ಬೇರೆಯಾಗಿದೆ. ಅಲ್ಲಿ ಸಂಶಯಾತೀತವಾದ ರುಜುವಾತು ಬೇಡ. ಯಾವುದು ಹೆಚ್ಚು ಸಂಭವನೀಯವೆಂಬುದನ್ನು ತೋರಿಸಿದರೆ ಸಾಕು. ಚಾಲಕನು ಕ್ರಿಮಿನಲ್ ಕೋರ್ಟಿನಲ್ಲಿ ಬಿಡುಗಡೆ ಹೊಂದಿದ ಮಾತ್ರಕ್ಕೆ ಪರಿಹಾರವನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ನಿರ್ಣಯಿಸಿದೆ. ಒಬ್ಬನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಕ್ಕೆ ಬೇಕಾದ ತೂಕ ಒಂದು, ಅನಾಥವಾದ ಮನೆಗೆ ಆಸರೆ ಕೊಡುವುದಕ್ಕೆ ಬೇಕಾದ ತೂಕ ಮತ್ತೊಂದು.

ನಾಗರಿಕರಾದ ನಮಗೂ ಇದರಲ್ಲಿ ಪಾಲುಂಟು. ಅಪಘಾತವನ್ನು ಕಂಡವರು ಮೊದಲು ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಬೇಕು. ಹಾಗೆ ನೆರವಾದವರನ್ನು ತೊಂದರೆಗೀಡುಮಾಡಬಾರದೆಂದು 2019ರಲ್ಲಿ ಮೋಟಾರು ಶಾಸನಕ್ಕೆ ಸೇರಿಸಿದ ಕಲಮು ರಕ್ಷಣೆ ಕೊಡುತ್ತದೆ. ಚಾಲಕನನ್ನು ಹೊಡೆಯಲು ಕೈಯೆತ್ತಬಾರದು. ಏಟಿಗೆ ಹೆದರಿದ ಚಾಲಕನು ಗಾಯಾಳುವನ್ನು ಬಿಟ್ಟು ಓಡುತ್ತಾನೆ. ಸಾಕ್ಷಿಯಾಗಿ ಕರೆ ಬಂದರೆ ಹೋಗಬೇಕು. ಕಂಡದ್ದನ್ನು ಹೇಳಬೇಕು, ಕಾಣದ್ದನ್ನು ಕಾಣಲಿಲ್ಲವೆನ್ನಬೇಕು. ಅಂಥ ಸಾಕ್ಷಿಗಳಿರುವ ಊರಿನಲ್ಲಿ ತಪ್ಪಿತಸ್ಥನು ವಕೀಲನ ಚಾತುರ್ಯದಿಂದ ಪಾರಾಗುವುದು ಅಪರೂಪ. ನಿರಪರಾಧಿಯು ಜನರ ಕೋಪಕ್ಕೆ ಬಲಿಯಾಗುವುದೂ ಅಪರೂಪ.