ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?

(ಚಿತ್ರದುರ್ಗದಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತುಗಳು)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಅರ್ಜಿ ಹಿಡಿದು ಬಂದ ಪೋಷಕರು ಈ ಸಲ ನಮ್ಮನ್ನು ಹೆಚ್ಚಾಗಿ ಕೇಳಿದ್ದು ಲ್ಯಾಪ್‌ಟಾಪ್ ಬಗ್ಗೆ. "ಸಾರ್, 1 ಟಿಬಿಯದು ತಗೊಳ್ಳೋದೋ, 256 ಜಿಬಿಯದೋ?" ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು ಎಲ್ಲರೂ ನಂಬುತ್ತಾರೆ. ನಾವೂ ಹಾಗೆ ನಂಬಿ ಒಮ್ಮೆ ತಪ್ಪು ಮಾಡಿದೆವು.

ಕೆಲವು ವರ್ಷಗಳ ಹಿಂದೆ ಹೊಸದುರ್ಗ ಕಡೆಯ ಒಬ್ಬ ವಿದ್ಯಾರ್ಥಿನಿಗೆ 1 ಟಿಬಿ ಹಾರ್ಡ್ ಡಿಸ್ಕ್ ಇದ್ದ ಹಳೆಯ ಲ್ಯಾಪ್‌ಟಾಪ್ ಕೊಡಿಸಿದೆವು. ದಿನವೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಟ. ಆನ್ ಆಗಲು ಹೊತ್ತು ಹಿಡಿಯುತ್ತದೆಂದು ಅದನ್ನು ಆಫ್ ಮಾಡದೆಯೇ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಪ್ರಾಜೆಕ್ಟ್ ಒಪ್ಪಿಸಲು ಒಂದು ವಾರವಿದ್ದಾಗ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಬೇರೆಲ್ಲೂ ಪ್ರತಿ ಇರಲಿಲ್ಲ. ಹಗಲು ರಾತ್ರಿ ಕೂತು ಎಲ್ಲವನ್ನೂ ಮತ್ತೆ ಬರೆದಳು. ತಪ್ಪು ಮಗುವಿನದಲ್ಲ, ಹೇಳಿಕೊಡದ ನಮ್ಮದು.

ಹಾರ್ಡ್ ಡಿಸ್ಕ್ ಎಂದರೆ ಗ್ರಾಮಫೋನ್ ಇದ್ದಂತೆ. ಒಳಗೆ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲಿಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುವಾಗ ಪೆಟ್ಟು ಬಿದ್ದರೆ ಮುಳ್ಳು ತಟ್ಟೆಗೆ ತಗುಲಿ ಬರಹವೇ ಹಾಳಾಗಬಹುದು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಪೆನ್‌ಡ್ರೈವ್‌ನಂತೆ ಚಿಪ್‌ಗಳಲ್ಲಿ ಮಾಹಿತಿ ಉಳಿಯುತ್ತದೆ. ಬಸ್ಸಿನ ಕುಲುಕಾಟಕ್ಕೆ ಅದು ಜಗ್ಗುವುದಿಲ್ಲ, ಬ್ಯಾಟರಿಯೂ ಸ್ವಲ್ಪ ಹೆಚ್ಚು ಬಾಳುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿ ಓದುತ್ತದೆ.

ದೋಷಗಳೂ ಇವೆ. ಅದೇ ಹಣಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಹೆಚ್ಚು ಜಾಗ ಸಿಗುತ್ತದೆ. ಎಸ್‌ಎಸ್‌ಡಿ ಕೆಟ್ಟರೆ ಮುನ್ಸೂಚನೆ ಕಡಿಮೆ; ಅಳಿಸಿದ್ದನ್ನು ಮರಳಿ ಪಡೆಯುವುದೂ ಕಷ್ಟ. ವರ್ಷಗಟ್ಟಲೆ ವಿದ್ಯುತ್ ಕೊಡದೆ ಪೆಟ್ಟಿಗೆಯಲ್ಲಿಟ್ಟರೆ ಮಾಹಿತಿ ಮಾಸಬಹುದು.

ಇದನ್ನೆಲ್ಲ ತೂಗಿ ನೋಡಿ ಸಮಿತಿಯಲ್ಲಿ ನಾವು ಹೀಗೆ ತೀರ್ಮಾನಿಸಿದ್ದೇವೆ:

1. ಟ್ರಸ್ಟ್ ನೆರವಿನಿಂದ ಕೊಳ್ಳುವ ಲ್ಯಾಪ್‌ಟಾಪ್‌ನಲ್ಲಿ ಕನಿಷ್ಠ 256 ಜಿಬಿ ಎಸ್‌ಎಸ್‌ಡಿ ಇರಬೇಕು. ಎಂಜಿನಿಯರಿಂಗ್ ಮಕ್ಕಳಿಗೆ 512 ಜಿಬಿ ಒಳ್ಳೆಯದು. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ "ಇಎಂಎಂಸಿ" ಎಂದಿರುತ್ತದೆ. ಅದು ಎಸ್‌ಎಸ್‌ಡಿ ಅಲ್ಲ, ನಿಧಾನ, ಬದಲಿಸಲೂ ಬರುವುದಿಲ್ಲ.

2. ಮನೆಯಲ್ಲಿ ಹಳೆಯದಿದ್ದು ಬರೀ ನಿಧಾನವಾಗಿದ್ದರೆ ಹೊಸದಕ್ಕೆ ಅರ್ಜಿ ಹಾಕುವ ಮುನ್ನ ಡಿಸ್ಕ್ ಮಾತ್ರ ಬದಲಿಸಬಹುದೇ ಎಂದು ತೋರಿಸಿ. ಹೆಚ್ಚಿನವಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಆ ಖರ್ಚನ್ನೂ ಟ್ರಸ್ಟ್ ಕೊಡುತ್ತದೆ.

3. ತೆಗೆದ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಬಿಸಾಡಬೇಡಿ. ಯುಎಸ್‌ಬಿ ಕೇಸ್‌ಗೆ ಹಾಕಿ ಮನೆಯಲ್ಲಿಡಿ. ವಾರಕ್ಕೊಮ್ಮೆ ಪಾಠ, ಪ್ರಾಜೆಕ್ಟ್ ಎಲ್ಲದರ ಪ್ರತಿ ಅದಕ್ಕೆ ಹೋಗಲಿ.

ಮಕ್ಕಳೇ, ಯಾವ ಡಿಸ್ಕೂ ಶಾಶ್ವತವಲ್ಲ. ಒಂದೇ ಕಡೆ ಇರುವ ಬರಹವನ್ನು ಇಲ್ಲವೆಂದೇ ತಿಳಿಯಿರಿ.

ದಾನಿಗಳೇ, ನೀವು ಕೊಟ್ಟ ಹಣ ನಮ್ಮಲ್ಲಿರುವ ಅಮಾನತ್. ಒಂದು ಹೊಸ ಲ್ಯಾಪ್‌ಟಾಪಿನ ಹಣದಲ್ಲಿ ಹಲವು ಹಳೆಯವನ್ನು ಓಡುವಂತೆ ಮಾಡಬಹುದಾದರೆ ಆ ದಾರಿಯನ್ನೇ ಮೊದಲು ನೋಡುತ್ತೇವೆ. ಹೊಸದುರ್ಗದ ಆ ಮಗುವಿನ ಪಾಡು ಇನ್ನೊಂದು ಮಗುವಿಗೆ ಬರದಿರಲಿ.