ಕುಂಬಾರ ಕಪ್ಪೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಓದಿದ್ದು ಬಿ.ಕಾಂ. ಕಪ್ಪೆಯ ವಿಷಯ ಮಾತನಾಡಲು ಇವನಿಗೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಕಾರಣವಿದೆ.

ಕಳೆದ ವರ್ಷ ದೀಪಾವಳಿಯ ಹಣತೆ ಕೊಳ್ಳಲು ಮಗಳನ್ನು ಉತ್ತಮ ನಗರದ ಕುಂಬಾರರ ಕೇರಿಗೆ ಕರೆದೊಯ್ದಿದ್ದೆ. "ನೋಡಮ್ಮ, ಕುಂಬಾರರು" ಎಂದೆ. "ಹಾಗೆಂದರೇನಪ್ಪ? ಇವರು ಕುಮ್ಹಾರ್ ಅಲ್ಲವೇ?" ಎಂದಳು. ಎರಡೂ ಕುಂಭಕಾರನ ಮಕ್ಕಳೇ. ಆದರೆ ಮನೆಯ ಮಾತೇ ಮಗುವಿಗೆ ಅಪರಿಚಿತವಾಗಿತ್ತು. ತಪ್ಪು ಅವಳದಲ್ಲ, ನನ್ನದು.

ಆ ರಾತ್ರಿ ಅವಳಿಗೆ ಹೇಳಿದ ಸಂಗತಿಯನ್ನೇ ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಅಡವಿಯಿದೆ. ಹೆಸರೇ ಹೇಳುವಂತೆ ಹಗಲಲ್ಲೂ ಮಬ್ಬು. ರಾಮಪತ್ರೆಯ ಜಾತಿಯ ಮರಗಳು ಬೇರುಬಿಟ್ಟು ನಿಂತ ಜೌಗುನೆಲ. ನಡುವೆ ಹರಿಯುವ ತೊರೆ. ಅಲ್ಲೊಂದು ಇರುಳುಗಪ್ಪೆಯ ವಾಸ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆಯಿಡುತ್ತದೆ. ಮುಂದಿನದು ಗಂಡಿನ ಕೆಲಸ. ತೊರೆಯ ತಳದ ಕೆಸರನ್ನು ಮುಂಗೈಗಳಲ್ಲಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ! ಅವು ಒಣಗದಿರಲಿ, ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂದು ಈ ಏರ್ಪಾಡಿರಬೇಕೆಂಬುದು ವಿದ್ವಾಂಸರ ಊಹೆ. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ.

ಶ್ರೀ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ಪ್ರಕಟಿಸಿ, 'ನಿಕ್ಟಿಬ್ಯಾಟ್ರಾಕಸ್ ಕುಂಬಾರ' ಎಂದು ಹೆಸರಿಟ್ಟರು. ಮೊದಲ ಪದ ಗ್ರೀಕರದು, ಇರುಳುಗಪ್ಪೆ ಎಂದರ್ಥ. ಎರಡನೆಯದು ನಮ್ಮ ಹಳ್ಳಿಯ ಮಾತು. ಜಗತ್ತಿನ ಯಾವ ವಿಜ್ಞಾನಿಯೂ ಆ ಮಾತನ್ನು ಬಿಟ್ಟು ಅದರ ಹೆಸರು ಬರೆಯುವಂತಿಲ್ಲ. ಈ ಕುಲದ ಕಪ್ಪೆಗಳೆಲ್ಲವೂ ಪಶ್ಚಿಮ ಘಟ್ಟಗಳವೇ. ನಮ್ಮ ಈ ದೆಹಲಿಯ ವಿಶ್ವವಿದ್ಯಾಲಯದ ಶ್ರೀ ಎಸ್. ಡಿ. ಬಿಜು ಮತ್ತು ಸಹೋದ್ಯೋಗಿಗಳು 2011ರಲ್ಲಿ ಇದೇ ಕುಲದ 12 ಹೊಸ ಪ್ರಭೇದಗಳನ್ನು ಪ್ರಕಟಿಸಿದರೆಂಬುದೂ ನಮಗೆ ಸಂತೋಷದ ಸಂಗತಿ.

ಆದರೆ ಬಂಧುಗಳೇ, ಹೆಸರು ಕಾಗದದಲ್ಲಿ ಉಳಿದ ಮಾತ್ರಕ್ಕೆ ಹೆಸರುಳ್ಳವನು ಉಳಿಯುವುದಿಲ್ಲ. ತೊರೆ ಬತ್ತಿದರೆ ಕೆಸರಿಲ್ಲ; ಕೆಸರಿಲ್ಲದೆ ಈ ಕುಂಬಾರನಿಲ್ಲ. ಅಡವಿ ಅಳಿದರೆ ತೊರೆಯೂ ನಿಲ್ಲದು. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ಜೋಗವನ್ನು ತೋರಿಸುತ್ತೇವೆ. ಅಂಥ ಕಾನನ್ನೂ ತೋರಿಸೋಣ. ಅಲ್ಲಿನ ಮರ, ತೊರೆ, ಜೀವಿಗಳ ಹೆಸರನ್ನು ಕನ್ನಡದಲ್ಲೇ ಹೇಳೋಣ. ಗೊತ್ತಿಲ್ಲದಿದ್ದರೆ ಊರಿನ ಹಿರಿಯರನ್ನು ಕೇಳೋಣ.

ಈ ಸಲ ಹಣತೆ ಕೊಳ್ಳಲು ಹೋದಾಗ ಮಗಳು ತಾನಾಗಿಯೇ, "ಅಪ್ಪ, ಕುಂಬಾರರು" ಎಂದಳು. ಒಂದು ಕಪ್ಪೆಯಿಂದ ನಮ್ಮ ಮನೆಗೆ ಒಂದು ಮಾತು ಮರಳಿ ಬಂತು. ಆ ಋಣವನ್ನು ಸಭೆಯಲ್ಲಿ ಹೇಳಿಕೊಳ್ಳಬೇಕೆನಿಸಿತು.